ಕಡಲು ದಾಟಿದ ಛಂದಸ್ಸು: ವಿನಾಯಕರ ಮೊದಲ ವಿದೇಶಯಾನ

ಊರಿನ ಹೆಸರು ಮನೆತನದ ಅಡ್ಡಹೆಸರಾಗಿ ನಿಲ್ಲುವ ರೂಢಿ ಉತ್ತರ ಕರ್ನಾಟಕದಲ್ಲಿ ಬಹಳ ಹಳೆಯದು. ಕುಟುಂಬವೊಂದು ತನ್ನ ಮೂಲದ ಊರಿನಲ್ಲಿಯೇ ನೆಲೆಸಿರುವವರೆಗೆ ಆ ಊರಿನ ಹೆಸರನ್ನು ಹೆಸರಿಗೆ ಕೂಡಿಸಿಕೊಳ್ಳುವ ಅಗತ್ಯ ಅದಕ್ಕೆ ಬರುವುದಿಲ್ಲ. ಗೋಕಾಕದಲ್ಲಿರುವವರೆಲ್ಲ ಗೋಕಾಕದವರೇ. ಊರು ಬಿಟ್ಟು ಬೇರೆಡೆಗೆ ಹೋಗಿ ನೆಲೆ ನಿಂತಾಗ ಮಾತ್ರ ಅಲ್ಲಿನ ಜನ ಬಂದವರನ್ನು ಬಿಟ್ಟುಬಂದ ಊರಿನಿಂದ ಗುರುತಿಸತೊಡಗುತ್ತಾರೆ. ಹೀಗೆ ಗೋಕಾಕ, ಹುಕ್ಕೇರಿ, ಮೂಡಲಗಿ ಎಂಬ ಹೆಸರುಗಳು ಬೆಳಗಾವಿ ಜಿಲ್ಲೆಯ ಮೂರು ಊರುಗಳನ್ನು ಸೂಚಿಸುವುದರ ಜೊತೆಗೆ, ಆ ಊರುಗಳಿಂದ ಎಂದೋ ಹೊರಟುಬಂದ ಮನೆತನಗಳನ್ನೂ ಸೂಚಿಸುತ್ತವೆ. ನಾಡಗೀತೆ, ಜನಪದ ಗೀತೆಗಳನ್ನು ಹಾಡಿ ನಾಡನ್ನೆಲ್ಲ ಸುತ್ತಿದ ಹುಕ್ಕೇರಿ ಬಾಳಪ್ಪನವರು ಸವದತ್ತಿ ತಾಲ್ಲೂಕಿನ ಮುರಗೋಡದವರು. ‘ವಿನಾಯಕ’ ಕಾವ್ಯನಾಮದ ವಿನಾಯಕ ಕೃಷ್ಣ ಗೋಕಾಕರು 1909ರ ಆಗಸ್ಟ್ 9ರಂದು ಹುಟ್ಟಿದ್ದು ಸವಣೂರಿನಲ್ಲಿ. ಅಡ್ಡಹೆಸರಿನಲ್ಲಿಯೇ ಒಂದು ಪ್ರಯಾಣದ ನೆನಪನ್ನು ಹೊತ್ತಿದ್ದ ಈ ಕವಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕೈಗೊಂಡ ಮೊದಲ ಸಮುದ್ರಯಾನವೂ ಅದರಿಂದ ಕನ್ನಡ ಕಾವ್ಯದಲ್ಲಿ ಉಂಟಾದ ಪಲ್ಲಟವೂ ಪ್ರಸ್ತುತ ಪ್ರಬಂಧದ ವಿಷಯ.

ಹೆಸರು ಬಂದ ಸೀಮೆಯನ್ನು ಒಮ್ಮೆ ನೋಡಿ ಮುಂದುವರಿಯುವುದು ಒಳ್ಳೆಯದು. ಗೋಕಾಕ, ಹುಕ್ಕೇರಿ ಹಾಗೂ ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ಈಗ ಸ್ವತಂತ್ರ ತಾಲ್ಲೂಕಾಗಿರುವ ಮೂಡಲಗಿ, ಇವೆಲ್ಲ ಘಟಪ್ರಭೆಯ ಜಲಾನಯನ ಪ್ರದೇಶಕ್ಕೆ ಸೇರಿದವು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಬಳಿ ಹರಿಯುವ ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಗೋಕಾಕದ ಹತ್ತಿರ ಆ ನದಿ 52 ಮೀಟರ್ ಎತ್ತರದಿಂದ ಧುಮುಕಿ, ಮುಂದೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಈ ಎರಡೂ ನದಿಗಳು ಹುಟ್ಟುವುದು ಸಹ್ಯಾದ್ರಿಯಲ್ಲಿ. ಹುಟ್ಟುವ ಜಾಗದಿಂದ ಪಡುಗಡಲು ಬಹಳ ದೂರವೇನಲ್ಲ. ಆದರೂ ಅವು ಕಡಲಿಗೆ ಬೆನ್ನು ಮಾಡಿ ಮೂಡಲಿನತ್ತ ನೂರಾರು ಮೈಲಿ ನಡೆಯುತ್ತವೆ. ಈ ಬಯಲುಸೀಮೆಯ ಜನ ನೀರನ್ನು ಹೊಳೆಯಾಗಿ, ಹಳ್ಳವಾಗಿ, ಕೆರೆಯಾಗಿ, ಗೋಕಾಕದವರಾದರೆ ಧಬಧಬೆಯಾಗಿಯೂ ಬಲ್ಲರು. ಕಡಲನ್ನು ಅವರು ಅರಿತದ್ದು ಪುರಾಣ ಹೇಳುವವರ ಬಾಯಿಂದ.

ಕವಿಗಳ ಸ್ಥಿತಿಯೂ ಇದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಮಹಾಕಾವ್ಯಕ್ಕೆ ಅಗತ್ಯವೆಂದು ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಒಂದು. ಆದ್ದರಿಂದ ಕಡಲನ್ನು ಕಂಡ ಕವಿಯೂ ಕಾಣದ ಕವಿಯೂ ಅದನ್ನು ವರ್ಣಿಸಲೇಬೇಕಾಗಿತ್ತು. ಒಳನಾಡಿನ ಆಸ್ಥಾನಗಳಲ್ಲಿ ಹುಟ್ಟಿದ ಅನೇಕ ಕಾವ್ಯಗಳಲ್ಲಿ ಬರುವ ಕಡಲು ರತ್ನಾಕರ, ಮಕರಾಲಯ, ವಡಬಾನಲನ ಮನೆ. ಆ ವರ್ಣನೆಗಳ ಸೊಗಸನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದರ ಮೇಲೆ ಹಗಲಿರುಳು ಕಳೆದು, ಕಾಲ ಕೆಳಗಿನ ನೆಲ ತೂಗುವುದನ್ನು ಮೈಯಲ್ಲಿ ಅನುಭವಿಸಿ ಬರೆದವರ ಕಡಲು ಬೇರೆ. ಕನ್ನಡಕ್ಕೆ ಅದು ಬರಲು ಇಪ್ಪತ್ತನೆಯ ಶತಮಾನದ ಹಡಗಿನ ಪ್ರಯಾಣಗಳವರೆಗೆ ಕಾಯಬೇಕಾಯಿತು.

ಗೋಕಾಕ ಸೀಮೆಯಿಂದ ಸಮುದ್ರ ದಾಟಿದವರು ಇರಲಿಲ್ಲವೆಂದೇನೂ ಅಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು 1920ರ ದಶಕದಲ್ಲಿಯೇ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಮರಳಿದ್ದರು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಹುಕಾಲ ದುಡಿದರು. ಆ ತಲೆಮಾರಿನವರಿಗೆ ವಿಲಾಯತಿಯೆಂದರೆ ಮೊದಲಿಗೆ ಪರೀಕ್ಷೆ, ಪದವಿ, ಬಳಿಕ ಉದ್ಯೋಗ. ಕಲಾವಿದನಾಗಿ ಹೋಗುವುದು ಬೇರೆಯ ಮಾತು. ಭೂವಿಜ್ಞಾನ ಓದಲು ಲಂಡನ್ನಿಗೆ ಹೋದ ಟಿ.ಪಿ. ಕೈಲಾಸಂ ಅಲ್ಲಿನ ರಂಗಭೂಮಿಯ ಸೆಳೆತಕ್ಕೆ ಸಿಕ್ಕಿ, ಹಿಂದಿರುಗಿದ ಮೇಲೆ ಬೆಂಗಳೂರು, ಮೈಸೂರುಗಳ ಮನೆಮಾತನ್ನು ನಾಟಕಕ್ಕೆ ತಂದರು. ಹೋದದ್ದು ಒಂದಕ್ಕೆ, ತಂದದ್ದು ಇನ್ನೊಂದನ್ನು. ವಿನಾಯಕರ ವಿಷಯದಲ್ಲಿಯೂ ಇಂಥದೇ ಒಂದು ಸಂಗತಿ ನಡೆದಿದೆ. ವಿಮರ್ಶೆ ಅದನ್ನು ಗುರುತಿಸಿದ್ದರೂ ಬಹಳ ಅವಸರದಲ್ಲಿ ‘ಪಾಶ್ಚಾತ್ಯ ಪ್ರಭಾವ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದೆ.

1936ರಲ್ಲಿ ಹಡಗು ಹತ್ತಿದ ವಿನಾಯಕರು ಎಳೆಯ ವಿದ್ಯಾರ್ಥಿಯಾಗಿರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, 1931ರಿಂದ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಅವರನ್ನು ಆಕ್ಸ್‌ಫರ್ಡ್‌ಗೆ ಕಳಿಸಿದ್ದು ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿ. ಅದಕ್ಕೂ ಮೊದಲು, 1934ರಲ್ಲಿ, ‘ಕಲೋಪಾಸಕ’ ಎಂಬ ಕವನಸಂಕಲನ ಪ್ರಕಟವಾಗಿತ್ತು. ತನ್ನನ್ನು ಕಲೆಯ ಉಪಾಸಕನೆಂದು ಕರೆದುಕೊಂಡ ತರುಣನೊಬ್ಬನ ಆತ್ಮವಿಶ್ವಾಸ ಆ ಹೆಸರಿನಲ್ಲಿಯೇ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಂದ್ರೆಯವರ ಸುತ್ತ ಧಾರವಾಡದಲ್ಲಿ ಕೂಡಿಬಂದ ಗೆಳೆಯರ ಗುಂಪಿನ ಸಂಸ್ಕಾರ ಅವರ ಬೆನ್ನಿಗಿತ್ತು.

ಈ ಗುಂಪಿನಲ್ಲಿ ಗೋಕಾಕ ಸೀಮೆಯ ನಿಜವಾದ ಪ್ರತಿನಿಧಿ ಬೇರೊಬ್ಬರಿದ್ದರು. ಅವರು ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು. 1900ರಲ್ಲಿ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಅವರು ಆ ಸೀಮೆಯ ಹಳ್ಳಿಗರ ಆಡುನುಡಿಯನ್ನು, ಅದರ ಎಳೆತ ಜಗ್ಗುಗಳನ್ನೂ ಬಿಡದೆ, ‘ನಲ್ವಾಡುಗಳು’ ಕವಿತೆಗಳಿಗೆ ತಂದುಕೊಂಡರು. ಗೋಕಾಕವೆಂಬ ಹೆಸರಿನವರು ಕಡಲಾಚೆ ಹೋದರು, ಗೋಕಾಕ ಸೀಮೆಯ ಮಾತಿನವರು ಧಾರವಾಡದಲ್ಲಿ ಉಳಿದರು. ಒಂದೇ ಗುಂಪಿನಲ್ಲಿ ಬೆಳೆದ ಇಬ್ಬರ ದಾರಿ ಹೀಗೆ ಕವಲೊಡೆದದ್ದನ್ನು ಗಮನದಲ್ಲಿಟ್ಟುಕೊಂಡರೆ ವಿನಾಯಕರು ಏನನ್ನು ಹಿಂದೆ ಬಿಟ್ಟು ಹೋದರೆಂಬುದು ಸ್ಪಷ್ಟವಾಗುತ್ತದೆ.

ಆ ಕಾಲದಲ್ಲಿ ಮುಂಬಯಿಯಿಂದ ಹೊರಟ ಹಡಗು ಏಡನ್, ಸೂಯೆಜ್ ಕಾಲುವೆ, ಪೋರ್ಟ್ ಸೈದ್ ಮಾರ್ಗವಾಗಿ ಮೆಡಿಟರೇನಿಯನ್ ಸಮುದ್ರವನ್ನು ಹೊಕ್ಕು ಯುರೋಪನ್ನು ತಲಪಲು ಎರಡು ಮೂರು ವಾರಗಳು ಹಿಡಿಯುತ್ತಿದ್ದವು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶೈಕ್ಷಣಿಕ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿದ್ದುದರಿಂದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಳೆಗಾಲ ಮುಗಿಯುವ ಮೊದಲೇ, ಅರಬ್ಬೀ ಸಮುದ್ರ ಇನ್ನೂ ಒರಟಾಗಿರುವಾಗಲೇ, ಹೊರಡುತ್ತಿದ್ದರು. ಸಮುದ್ರೋಲ್ಲಂಘನಕ್ಕೆ ಪ್ರಾಯಶ್ಚಿತ್ತ ಕೇಳುತ್ತಿದ್ದ ಕಾಲ ಹಿಂದೆ ಸರಿದಿತ್ತು. ಆದರೆ ವೈದಿಕ ಮನೆತನಗಳಲ್ಲಿ ಅದರ ನೆರಳು ಪೂರ್ತಿ ಮಾಸಿರಲಿಲ್ಲ. ವಿಮಾನದಲ್ಲಿ ಒಂದು ರಾತ್ರಿಯಲ್ಲಿ ಕಡಲು ದಾಟುವ ಇಂದಿನ ಪ್ರವಾಸಿಗೆ ‘ಹೊರಟ ಊರು’ ಮತ್ತು ‘ತಲಪಿದ ಊರು’ ಎಂಬ ಎರಡೇ ಜಾಗಗಳಿರುತ್ತವೆ. ಹಡಗಿನ ಯಾತ್ರಿಕನಿಗೆ ಮೂರನೆಯ ಜಾಗವೊಂದಿತ್ತು. ಆ ಎರಡು ಮೂರು ವಾರ ಅವನು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ, ಸುತ್ತಲೂ ನೀರು.

ವಿನಾಯಕರ ಮೊದಲ ವಿದೇಶಯಾನದ ಫಲವೆಂದು ಕನ್ನಡಕ್ಕೆ ದೊರೆತ ಎರಡು ಮುಖ್ಯ ಕೃತಿಗಳು ಪ್ರವಾಸಕಥನವಾದ ‘ಸಮುದ್ರದಾಚೆಯಿಂದ’ ಮತ್ತು 1940ರಲ್ಲಿ ಪ್ರಕಟವಾದ ಕವನಸಂಕಲನ ‘ಸಮುದ್ರ ಗೀತೆಗಳು’. ಎರಡರ ಹೆಸರಿನಲ್ಲಿಯೂ ಇಂಗ್ಲೆಂಡ್ ಇಲ್ಲ, ಆಕ್ಸ್‌ಫರ್ಡ್ ಇಲ್ಲ, ಇರುವುದು ಸಮುದ್ರ. ಅದರಲ್ಲಿಯೂ ಪ್ರವಾಸಕಥನದ ಹೆಸರಿಗೆ ಹತ್ತಿದ ವಿಭಕ್ತಿ ಪ್ರತ್ಯಯ ಅರ್ಥಪೂರ್ಣವಾಗಿದೆ. ‘ಸಮುದ್ರದಾಚೆ’ ಎಂದಿದ್ದರೆ ಅದು ನೋಡಿದ ಜಾಗದ ಹೆಸರಾಗುತ್ತಿತ್ತು. ‘ಆಚೆಯಿಂದ’ ಎಂದಾಗ ಈಚೆಯಲ್ಲಿ ಕೇಳಲು ಯಾರೋ ಇದ್ದಾರೆ ಎಂಬ ನಂಬಿಕೆ ಅದರಲ್ಲಿ ಸೇರಿಕೊಳ್ಳುತ್ತದೆ. ಕಾಗದ ಬರೆಯುವವನ ನಿಲುವು ಅದು. ಮುಂದೆ ಕನ್ನಡದಲ್ಲಿ ಪ್ರವಾಸಸಾಹಿತ್ಯ ಹೇರಳವಾಗಿ ಬೆಳೆಯಿತು. ಕಾರಂತರ ‘ಅಪೂರ್ವ ಪಶ್ಚಿಮ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಈ ಸಾಲಿನ ಪ್ರಸಿದ್ಧ ಕೃತಿಗಳು. ಇವುಗಳ ಹೆಸರುಗಳು ಒಂದೋ ದೇಶವನ್ನು ಇಲ್ಲವೇ ಆ ದೇಶದಲ್ಲಿರುವ ಲೇಖಕನನ್ನು ಮುಂದಿಡುತ್ತವೆ. ನಡುವಿನ ನೀರನ್ನು ಮುಂದಿಟ್ಟವರು ವಿನಾಯಕರು.

‘ಸಮುದ್ರ ಗೀತೆಗಳು’ ಕನ್ನಡದಲ್ಲಿ ಮುಕ್ತಛಂದದ ಆರಂಭದ ಪ್ರಯೋಗಗಳಲ್ಲಿ ಒಂದೆಂದು ಸಾಹಿತ್ಯ ಚರಿತ್ರೆಗಳು ದಾಖಲಿಸುತ್ತವೆ. ಈ ದಾಖಲೆ ಸರಿಯಾದುದೇ. ಆದರೆ ಕವಿಗೆ ಅಂಥ ಛಂದಸ್ಸು ಯಾಕೆ ಬೇಕಾಯಿತೆಂಬ ಪ್ರಶ್ನೆಯನ್ನು ಅವು ಸಾಮಾನ್ಯವಾಗಿ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಇತ್ತು, ಕನ್ನಡಕ್ಕೆ ಬಂತು ಎಂಬಷ್ಟಕ್ಕೆ ತೃಪ್ತಿಪಡುತ್ತವೆ. ಇಂಗ್ಲಿಷಿನಲ್ಲಿ ಮುಕ್ತಛಂದ ಎಷ್ಟೋ ಕಾಲದಿಂದ ಇತ್ತು. ಫರ್ಗ್ಯೂಸನ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕನಿಗೆ ವ್ಹಿಟ್‌ಮನ್ನನ ಹೆಸರು ತಿಳಿಯಲು ಹಡಗು ಹತ್ತಬೇಕಾಗಿರಲಿಲ್ಲ. ಓದಿನಿಂದಲೇ ಬರುವುದಾಗಿದ್ದರೆ ಅದು ಪುಣೆಯಲ್ಲಿಯೇ ಬರಬಹುದಾಗಿತ್ತು.

ಇಲ್ಲಿ ಅಂದಿನ ಕನ್ನಡ ಕವಿತೆಯ ಲಯದ ಸ್ವರೂಪವನ್ನು ನೆನೆಯಬೇಕು. ನವೋದಯದ ಭಾವಗೀತೆ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳ ಮೇಲೆ ನಿಂತಿತ್ತು. ಬಿ.ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ ಈ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸುವುದನ್ನು ಕಲಿಸಿಕೊಟ್ಟಿತ್ತು. ಧಾರವಾಡದವರಿಗೆ ಇದಕ್ಕಿಂತ ಹತ್ತಿರದ ಇನ್ನೊಂದು ಸಂಪತ್ತಿತ್ತು. ಲಾವಣಿ, ಬೀಸುವ ಪದ, ಜೋಗುಳ, ಕೋಲಾಟದ ಪದಗಳ ಧಾಟಿಯನ್ನು ಬೇಂದ್ರೆಯವರು ಕಾವ್ಯಕ್ಕೆ ಒಗ್ಗಿಸಿದ್ದರು. ಈ ಧಾಟಿಗಳೆಲ್ಲ ಮೈಯ ಕೆಲಸದಿಂದ ಹುಟ್ಟಿದವು. ಬೀಸುವ ಕಲ್ಲಿನ ಸುತ್ತು, ತೊಟ್ಟಿಲಿನ ತೂಗು, ಕುಣಿಯುವ ಕಾಲಿನ ಹೆಜ್ಜೆ ಇವೇ ಅಲ್ಲಿ ಗಣವಾಗಿ ಮರಳಿ ಮರಳಿ ಬರುತ್ತವೆ. ಆದರೆ ಹೆಜ್ಜೆ ಸಮನಾಗಿ ಬೀಳಬೇಕಾದರೆ ನೆಲ ಅಲುಗದೆ ಇರಬೇಕು. ಬೀಸುವ ಕಲ್ಲು ಊರಿ ಕುಳಿತಿರಬೇಕು. ಒಟ್ಟಿನಲ್ಲಿ ಇವು ನೆಲದ ಲಯಗಳು.

ಕಡಲಿನಲ್ಲಿ ನೆಲವೇ ಅಲುಗುತ್ತದೆ. ಅಲೆಗಳಿಗೆ ಲಯವಿಲ್ಲವೆಂದಲ್ಲ, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಆದರೆ ಒಂದು ಅಲೆ ಇನ್ನೊಂದರ ಅಳತೆಯದಲ್ಲ. ಉದ್ದದ್ದೊಂದು ಬಂದು, ಗಿಡ್ಡದ್ದೆರಡು ಬಂದು, ಆಮೇಲೆ ಯಾರೂ ನಿರೀಕ್ಷಿಸದ ದೊಡ್ಡದೊಂದು ಎದ್ದು ಬರುತ್ತದೆ. ಮುಕ್ತಛಂದದ ಸಾಲುಗಳ ನಡಿಗೆ ಇದೇ. ಅದು ಲಯವನ್ನು ಬಿಡುವುದಿಲ್ಲ, ಸಮ ಅಳತೆಯನ್ನು ಮಾತ್ರ ಬಿಡುತ್ತದೆ. ಸಾಲಿನ ಉದ್ದವನ್ನು ಮಾತ್ರೆಯ ಎಣಿಕೆಯ ಬದಲು ಭಾವದ ಏರಿಳಿತ, ಉಸಿರಿನ ತಡೆ ನಿರ್ಧರಿಸುತ್ತವೆ. ವಿನಾಯಕರಿಗೆ ಪುಸ್ತಕದಲ್ಲಿ ಮೊದಲೇ ಗೊತ್ತಿದ್ದ ಒಂದು ರೂಪಕ್ಕೆ ಹಡಗಿನ ಅಟ್ಟದ ಮೇಲೆ ಕಾರಣ ದೊರೆಯಿತು ಎಂದು ಹೇಳುವುದು ಹೆಚ್ಚು ಸಮಂಜಸ. ಅಷ್ಟಾದಶ ವರ್ಣನೆಯ ಕಡಲು ಕಂದ, ವೃತ್ತಗಳ ಕಟ್ಟಿನಲ್ಲಿ ಅಡಗಿ ಕುಳಿತುಕೊಳ್ಳುತ್ತಿತ್ತು. ಕಂಡ ಕಡಲು ಕಟ್ಟನ್ನೇ ಸಡಿಲಿಸಿತು.

ಇದಕ್ಕೆ ಎದುರಾಗಿ ನಿಲ್ಲುವ ನಿದರ್ಶನವೂ ಅದೇ ವರ್ಷದ್ದು. 1936ರಲ್ಲಿಯೇ ಕುವೆಂಪು ಅವರು ಮೈಸೂರಿನಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ತೊಡಗಿದರು. ಐದು ಮಾತ್ರೆಯ ಸರಳ ರಗಳೆಯನ್ನು ಒಳಗಿನಿಂದಲೇ ಹಿಗ್ಗಿಸಿ, ವಾಕ್ಯವನ್ನು ಸಾಲಿನಿಂದ ಸಾಲಿಗೆ ಹರಿಯಬಿಟ್ಟು, ಮಹಾಛಂದಸ್ಸೆಂಬ ವಿಸ್ತಾರವನ್ನು ಅವರು ಸಾಧಿಸಿದರು. ಕನ್ನಡ ಸಾಲಿಗೆ ಉದ್ದ ಅಗಲಗಳು ಬೇಕೆಂಬ ಒತ್ತಡ ಕಾಲದಲ್ಲಿಯೇ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಅದನ್ನು ಪೂರೈಸಲು ಕಡಲು ದಾಟಲೇಬೇಕಾಗಿರಲಿಲ್ಲ ಎಂಬುದಕ್ಕೂ ಸಾಕ್ಷಿಯೇ. ಮಲೆನಾಡಿನ ಕಾಡು ಒಬ್ಬರಿಗೆ ಕೊಟ್ಟದ್ದನ್ನು ಅರಬ್ಬೀ ಸಮುದ್ರ ಇನ್ನೊಬ್ಬರಿಗೆ ಕೊಟ್ಟಿತು. ವ್ಯತ್ಯಾಸವೆಂದರೆ ಕುವೆಂಪು ಗಣವನ್ನು ಉಳಿಸಿಕೊಂಡು ಹಿಗ್ಗಿದರು, ವಿನಾಯಕರು ಗಣವನ್ನು ಬಿಟ್ಟುಕೊಟ್ಟು ಹಿಗ್ಗಿದರು.

ಮತ್ತೊಂದು ಹೆಸರನ್ನು ಇಲ್ಲಿ ಬಿಡುವಂತಿಲ್ಲ. ಕರಾವಳಿಯ ಪೇಜಾವರ ಸದಾಶಿವರಾಯರು 1913ರಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಶಿಕ್ಷಣಕ್ಕಾಗಿ ಇಟಲಿಯ ಮಿಲಾನಿಗೆ ಹೋಗಿ, 1939ರಲ್ಲಿ ಅಲ್ಲಿಯೇ ತೀರಿಕೊಂಡರು; ಆಗ ಅವರ ವಯಸ್ಸು ಇಪ್ಪತ್ತಾರು. ಅವರ ‘ನಾಟ್ಯೋತ್ಸವ’ ಕವಿತೆಯನ್ನು ಕನ್ನಡದ ಮೊದಲ ನವ್ಯ ಕವಿತೆಯೆಂದು ಗಣಿಸುವ ವಿಮರ್ಶಕರಿದ್ದಾರೆ. ಅವರ ಸಂಕಲನದ ಹೆಸರು ‘ವರುಣ’. ಮುಕ್ತಛಂದದಲ್ಲಿ ಮೊದಲಿಗರು ಯಾರೆಂಬ ಚರ್ಚೆ ಪೇಜಾವರ, ವಿನಾಯಕ ಇವರಿಬ್ಬರ ನಡುವೆ ಬಹುಕಾಲ ನಡೆದಿದೆ. ಆ ಚರ್ಚೆಯಿಂದ ಹೆಚ್ಚಿನ ಪ್ರಯೋಜನವಿದ್ದಂತೆ ತೋರುವುದಿಲ್ಲ. ಗಮನಿಸಬೇಕಾದದ್ದು ಬೇರೆ. ಒಬ್ಬರು ಕಡಲ ದಂಡೆಯವರು, ಇನ್ನೊಬ್ಬರು ಕರಿಮಣ್ಣಿನ ಬಯಲಿನವರು. ಮೂವತ್ತರ ದಶಕದ ಕೊನೆಯ ಭಾಗದಲ್ಲಿ ಈ ಇಬ್ಬರು ತರುಣರು ಯುರೋಪಿನ ಎರಡು ಊರುಗಳಲ್ಲಿ ಬೇರೆ ವಿದ್ಯೆ ಕಲಿಯುತ್ತಿದ್ದರು, ಇಬ್ಬರ ಕಾವ್ಯದಲ್ಲಿಯೂ ಹಳೆಯ ಕಟ್ಟು ಸಡಿಲಿತು. ಒಬ್ಬರು ಮರಳಿ ಬಂದು ಐವತ್ತು ವರ್ಷ ಬರೆದರು. ಇನ್ನೊಬ್ಬರು ಮರಳಲಿಲ್ಲ. ಮರಳಿ ಬಂದವರ ಕಥೆಯನ್ನು ಮಾತ್ರ ಹೇಳುವ ಪ್ರವಾಸಸಾಹಿತ್ಯದ ಚರಿತ್ರೆಯಲ್ಲಿ ಪೇಜಾವರರಿಗೆ ಸ್ಥಾನವಿಲ್ಲದಿರುವುದು ವಿಷಾದದ ಸಂಗತಿ.

ಆಕ್ಸ್‌ಫರ್ಡ್‌ನ ತರಗತಿ ವಿನಾಯಕರಿಗೆ ಆಧುನಿಕ ಕಾವ್ಯವನ್ನು ಕಲಿಸಿತೆಂಬ ಸುಲಭದ ನಂಬಿಕೆಯೂ ಪರಿಶೀಲನೆಗೆ ಅರ್ಹ. ಅಲ್ಲಿನ ಇಂಗ್ಲಿಷ್ ಸಾಹಿತ್ಯದ ಪಠ್ಯಕ್ರಮ ಆಗ 1830ಕ್ಕೆ ನಿಲ್ಲುತ್ತಿತ್ತು. ಪ್ರಾಚೀನ ಇಂಗ್ಲಿಷ್, ಮಧ್ಯಕಾಲೀನ ಇಂಗ್ಲಿಷ್, ಷೇಕ್ಸ್‌ಪಿಯರ್, ಮಿಲ್ಟನ್, ಕೊನೆಗೆ ರೊಮ್ಯಾಂಟಿಕ್ ಕವಿಗಳು. ವಿಕ್ಟೋರಿಯಾ ಯುಗದವರೇ ಅದರ ಹೊರಗಿದ್ದಾಗ ಎಲಿಯಟ್, ಆಡೆನ್‌ರ ಮಾತೇ ಏಳುತ್ತಿರಲಿಲ್ಲ. ಹೊಸ ಕಾವ್ಯವಿದ್ದದ್ದು ಪುಸ್ತಕದಂಗಡಿಗಳಲ್ಲಿ, ಪತ್ರಿಕೆಗಳಲ್ಲಿ, ಗೆಳೆಯರ ಮಾತುಕತೆಯಲ್ಲಿ. ಯೇಟ್ಸ್ ಸಂಪಾದಿಸಿದ ಆಧುನಿಕ ಕವಿತೆಗಳ ಪ್ರಸಿದ್ಧ ಸಂಕಲನವನ್ನು ಆಕ್ಸ್‌ಫರ್ಡ್ ಮುದ್ರಣಾಲಯ 1936ರಲ್ಲಿಯೇ ಹೊರತಂದಿತು. ಅದೇ ವರ್ಷ ಸ್ಪೇನಿನಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ತರುಣ ಕವಿಗಳು ರಾಜಕೀಯದ ಬಿಸಿಗೆ ಸಿಕ್ಕಿದ್ದರು. ಡಿಸೆಂಬರಿನಲ್ಲಿ ಎಂಟನೆಯ ಎಡ್ವರ್ಡ್ ಪಟ್ಟ ತ್ಯಜಿಸಿದ. ಸಾಮ್ರಾಜ್ಯದ ರಾಜನ ಚಿತ್ರವನ್ನು ನಾಣ್ಯದಲ್ಲಿ, ಅಂಚೆಚೀಟಿಯಲ್ಲಿ ಕಂಡು ಬೆಳೆದ ವಸಾಹತಿನ ತರುಣನಿಗೆ ಆ ಸಾಮ್ರಾಜ್ಯದ ಕೇಂದ್ರವೂ ಕಂಪಿಸಬಲ್ಲದೆಂಬುದು ಹತ್ತಿರದಿಂದ ಕಾಣುವ ಕಾಲವಾಗಿತ್ತು ಅದು. ಎರಡು ವರ್ಷಗಳ ವ್ಯಾಸಂಗ ಮುಗಿಸಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ವಿನಾಯಕರು 1938ರಲ್ಲಿ ಹಿಂದಿರುಗಿ, ಕೃಷ್ಣಾ ತೀರದ ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಗೋಕಾಕ ಸೀಮೆಗೆ ಸಾಂಗಲಿ ದೂರವಲ್ಲ.

‘ಸಮುದ್ರ ಗೀತೆಗಳು’ ದೋಷರಹಿತ ಕೃತಿಯೇನಲ್ಲ. ಗಣದ ಕಟ್ಟು ಹೋದಾಗ ಕವಿಗೆ ದೊರೆಯುವ ಸ್ವಾತಂತ್ರ್ಯ ಭಾಷಣದ ಸ್ವಾತಂತ್ರ್ಯವೂ ಆಗಿಬಿಡುವ ಅಪಾಯವಿದೆ. ವಿನಾಯಕರ ಮುಕ್ತಛಂದದಲ್ಲಿ ಅಮೂರ್ತ ಪದಗಳ ಭಾರ, ಹೇಳಿದ್ದನ್ನೇ ಎತ್ತರದ ದನಿಯಲ್ಲಿ ಮತ್ತೆ ಹೇಳುವ ಚಾಳಿ ಇವೆಯೆಂದು ನಂತರದ ವಿಮರ್ಶಕರು ಆಕ್ಷೇಪಿಸಿದ್ದಾರೆ. ಅದನ್ನು ಒಪ್ಪಬೇಕು. ಬೇಂದ್ರೆಯವರ ಕವಿತೆಯಲ್ಲಿ ಧಾಟಿಯೇ ಮಾತಿಗೆ ಲಗಾಮು. ಆ ಲಗಾಮನ್ನು ಕಳಚಿದ ಶಿಷ್ಯ ಅದಕ್ಕೆ ಬದಲಾಗಿ ಇನ್ನೊಂದನ್ನು ಕಂಡುಕೊಳ್ಳುವುದು ಸುಲಭವಿರಲಿಲ್ಲ. ಆನಂದಕಂದರು ಮನೆಯಲ್ಲಿಯೇ ಉಳಿದು ಉಳಿಸಿಕೊಂಡ ಆಡುಮಾತಿನ ಬಿಗಿ ವಿನಾಯಕರ ಕಡಲ ಕವಿತೆಗಳಲ್ಲಿ ಇಲ್ಲ. ಪ್ರವಾಸದಿಂದ ಪಡೆದದ್ದನ್ನು ಲೆಕ್ಕಹಾಕುವಾಗ ಈ ನಷ್ಟವನ್ನೂ ಬರೆದಿಡುವುದು ನ್ಯಾಯ.

ಐವತ್ತರ ದಶಕದ ಹೊಸ್ತಿಲಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಯಲ್ಲಿ ವಿನಾಯಕರು ‘ನವ್ಯ’ದ ಹೆಸರನ್ನು ಹಿಡಿದು ಹೊಸ ಕಾವ್ಯಮಾರ್ಗವನ್ನು ಸಾರಿದರು. ಅದು ಅವರ ಹಡಗು ಹೊರಟ ಬಂದರವೇ. ಕೆಲವೇ ವರ್ಷಗಳಲ್ಲಿ, 1954ರಲ್ಲಿ, ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಪ್ರಕಟವಾಯಿತು; ನವ್ಯವೆಂದರೆ ಅಡಿಗರ ಮಾರ್ಗವೆಂದು ಕನ್ನಡದ ಓದುಗರು ಒಪ್ಪಿಕೊಂಡರು. ಹೆಸರಿಟ್ಟವರ ಕೈಯಿಂದ ಹೆಸರು ಜಾರಿತು. ಅಡಿಗರ ನವ್ಯದ ವ್ಯಂಗ್ಯ, ಬಿರುಕು, ಸ್ವವಿಮರ್ಶೆ ವಿನಾಯಕರ ಸಮನ್ವಯದ ದೃಷ್ಟಿಗೆ ಒಗ್ಗುವಂಥವಾಗಿರಲಿಲ್ಲ. ಅರವಿಂದರ ಪ್ರಭಾವದಲ್ಲಿ ಬೆಳೆದ ಆ ದೃಷ್ಟಿಗೆ ಕಡಲೆಂದರೆ ಎರಡು ದಂಡೆಗಳನ್ನು ಕೂಡಿಸುವ ನೀರು, ಅಗಲಿಸುವ ನೀರಲ್ಲ. 1936ರ ಪ್ರಯಾಣದಲ್ಲಿ ದೊರೆತ ಈ ಚಿತ್ರವನ್ನು ಅವರು ಮುಂದೆ ಎಂದೂ ಕೈಬಿಡಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ದ್ಯಾವಾಪೃಥಿವೀ’ಯಲ್ಲಿ ನೆಲ ಮುಗಿಲುಗಳ ಜೋಡಿಯಿದೆ. 1982ರ ‘ಭಾರತ ಸಿಂಧು ರಶ್ಮಿ’ಯ ಹೆಸರಿನ ನಡುವೆ ನದಿಯೂ ಸಮುದ್ರವೂ ಆಗುವ ಸಿಂಧು ಶಬ್ದ ಬಂದು ಕುಳಿತಿದೆ. ಸುಮಾರು 35,000 ಸಾಲುಗಳ ಆ ಮಹಾಕಾವ್ಯವನ್ನು ಹೊತ್ತು ನಡೆದದ್ದು, ನಾಲ್ಕು ದಶಕಗಳ ಹಿಂದೆ ಕಡಲ ಗೀತೆಗಳಲ್ಲಿ ಪ್ರಯೋಗಕ್ಕೆ ಬಂದಿದ್ದ ಅದೇ ಮುಕ್ತ ಲಯ.

ಮಹಾಕಾವ್ಯ ಪ್ರಕಟವಾದ ವರ್ಷವೇ ಕರ್ನಾಟಕದ ಬೀದಿಗಳಲ್ಲಿ ಗೋಕಾಕವೆಂಬ ಹೆಸರು ಬೇರೊಂದು ಕಾರಣಕ್ಕೆ ಮೊಳಗುತ್ತಿತ್ತು. ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು ಅವರ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿಯ ಜಾರಿಗಾಗಿ ನಡೆದ ಚಳವಳಿಗೆ ಜನ ಆ ಹೆಸರನ್ನೇ ಇಟ್ಟರು. ಘಟಪ್ರಭೆಯ ದಂಡೆಯ ಊರೊಂದರ ಹೆಸರು ಸವಣೂರಿನಲ್ಲಿ ಹುಟ್ಟಿದವನೊಬ್ಬನ ಅಡ್ಡಹೆಸರಾಗಿ, ಕಡಲು ದಾಟಿ ಬಂದು, ಕನ್ನಡದ ಹಕ್ಕಿನ ಘೋಷಣೆಯಾಗಿ ಮಾರ್ಪಟ್ಟಿತ್ತು. ಆ ಮೆರವಣಿಗೆಗಳಲ್ಲಿ ಕೂಗಿದವರ ಪೈಕಿ ‘ಸಮುದ್ರ ಗೀತೆಗಳು’ ಓದಿದ್ದವರು ಕಡಿಮೆಯೇ ಇದ್ದಿರಬೇಕು.